ಎಡಗೈಯ ಶಾಲೆ

ಐವತ್ತು ದಾಟುವವರೆಗೂ ನನ್ನ ಎಡಗೈಗೆ ಹೇಳಿಕೊಳ್ಳುವಂಥ ಕೆಲಸವೇ ಇರಲಿಲ್ಲ. ತರಕಾರಿ ಹೆಚ್ಚುವಾಗ ಹುರುಳಿಕಾಯಿ ಒತ್ತಿ ಹಿಡಿಯುವುದು, ಬಸ್ಸಿನಲ್ಲಿ ಕಂಬಿ ಹಿಡಿಯುವುದು, ಅಷ್ಟೇ. ಬರೆಯುವುದು, ಬಡಿಸುವುದು, ರೊಟ್ಟಿ ತಟ್ಟುವುದು ಎಲ್ಲ ಬಲಗೈಯ ಪಾಲು. ಗಿಟಾರ್ ಕ್ಲಾಸಿಗೆ ಸೇರಿದ ಮೇಲೆ ನೋಡಿ, ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಈ ಹುಡುಗನನ್ನೇ ಮೊದಲು ಎಬ್ಬಿಸಿ ನಿಲ್ಲಿಸಿದರು.

ಕಲಿಸುವವರಿಗೆ ಹೆಚ್ಚೆಂದರೆ ನನ್ನ ಮಗಳ ವಯಸ್ಸು. ನಾನು ಅವರನ್ನು ‘ಸರ್’ ಅನ್ನುತ್ತೇನೆ, ಅವರು ನನ್ನನ್ನು ‘ಆಂಟಿ’ ಅನ್ನುತ್ತಾರೆ. ಪಾಠ ಶುರುವಾದದ್ದು ನೇಲ್ ಕಟರಿನಿಂದ. “ಎಡಗೈ ಉಗುರು ಪೂರ್ತಿ ತೆಗೀಬೇಕು ಆಂಟಿ. ಆಮೇಲೆ ಸ್ವಲ್ಪ ದಿನ ನೋಯತ್ತೆ, ಬೈಕೋಬೇಡಿ.”

ನೋಯದೆ ಇರುತ್ತದೆಯೇ? ಎಲ್ಲಕ್ಕಿಂತ ಸಣ್ಣ ತಂತಿ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ದಪ್ಪವಿಲ್ಲ. ಅಂಥ ಉಕ್ಕಿನೆಳೆಯನ್ನು ಬೆರಳ ತುದಿಯಿಂದ ಮರಕ್ಕೆ ಅದುಮಬೇಕು. ಆರೂ ತಂತಿಗಳ ಬಿಗಿತ ಒಟ್ಟು ಸೇರಿಸಿದರೆ ಸುಮಾರು 70 ಕಿಲೋ ಆಗುತ್ತದಂತೆ. ಮನೆಯಲ್ಲಿ ಹೇಳಿದೆ. “ಹಾಗಾದ್ರೆ ನನ್ನನ್ನೂ ಅದಕ್ಕೇ ನೇತುಹಾಕಬಹುದು” ಅಂದರು ಯಜಮಾನರು. ಬರಬರುತ್ತಾ ಬೆರಳ ತುದಿ ಜಡ್ಡುಗಟ್ಟಿತು. ಆಫೀಸಿನ ಹಾಜರಾತಿ ಯಂತ್ರ ನನ್ನ ಎಡ ತೋರುಬೆರಳನ್ನು ಗುರುತಿಸಲು ಒಲ್ಲೆ ಎಂದಾಗ ನನಗೆ ಆದ ಖುಷಿಯನ್ನು ಪಕ್ಕದ ಸೀಟಿನವರಿಗೆ ಹೇಳಿ ಅರ್ಥ ಮಾಡಿಸಲಾಗಲಿಲ್ಲ.

ತಂತಿಯನ್ನು ಎಷ್ಟು ಒತ್ತುತ್ತೇವೆ ಅನ್ನುವುದಕ್ಕಿಂತ ಎಲ್ಲಿ ಒತ್ತುತ್ತೇವೆ ಅನ್ನುವುದು ಮುಖ್ಯ. ಎರಡು ಫ್ರೆಟ್‌ಗಳ ನಡುಮಧ್ಯೆ ಒತ್ತಿದರೆ ತಂತಿ ಗರ್ ಎನ್ನುತ್ತದೆ. ಬೆರಳನ್ನು ಮುಂದಿನ ಫ್ರೆಟ್ಟಿನ ಬೆನ್ನಿಗೇ ತಂದಿಟ್ಟರೆ ಅರ್ಧ ಬಲಕ್ಕೇ ದನಿ ತಿಳಿಯಾಗುತ್ತದೆ. ನನಗೆ ಅಚ್ಚುಮೆಚ್ಚು ಸಿ ಕಾರ್ಡಿನಿಂದ ಎ ಮೈನರ್‌ಗೆ ಹೋಗುವುದು. ತೋರುಬೆರಳು, ನಡುಬೆರಳು ಕೂತಲ್ಲೇ ಕೂತಿರುತ್ತವೆ. ಉಂಗುರದ ಬೆರಳೊಂದೇ ಐದನೇ ತಂತಿ ಬಿಟ್ಟೆದ್ದು ಮೂರನೇ ತಂತಿಗೆ ಹೋಗಿ ಇಳಿಯುತ್ತದೆ. ಅಷ್ಟಕ್ಕೇ ನಗುತ್ತಿದ್ದ ಸ್ವರಗಳ ಮುಖ ಸಪ್ಪಗಾಗುತ್ತದೆ. ಒಲೆಯ ಮೇಲೆ ಹಾಲಿಟ್ಟು ಈ ಆಟ ಶುರುಮಾಡಬಾರದು, ಅಷ್ಟು ಹೇಳಬಲ್ಲೆ. ಎಫ್ ಕಾರ್ಡಿನ ವಿಷಯ ಬೇಡ. ಒಂದೇ ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿ ಒತ್ತು ಎನ್ನುವುದು ನನ್ನ ಪ್ರಕಾರ ಸಂಗೀತವಲ್ಲ, ವ್ಯಾಯಾಮ.

ಚಿಕ್ಕಂದಿನಲ್ಲಿ ಪಕ್ಕದ ಬೀದಿಯ ಟೀಚರ್ ಹತ್ತಿರ ಹಾಡು ಕಲಿಯುತ್ತಿದ್ದೆ, ವರಸೆಗಳು ಮುಗಿದು ಗೀತೆಗೆ ಬರುವ ಹೊತ್ತಿಗೆ ಬಿಟ್ಟೆ. ಆ ಅರೆಬರೆ ಕಲಿಕೆಗೆ ಗಿಟಾರಿನಲ್ಲಿ ಇಷ್ಟು ಉಪಯೋಗವಿದೆ ಎಂದು ಗೊತ್ತಿರಲಿಲ್ಲ. ಶ್ರುತಿ ಮಾಡುವುದನ್ನೇ ತೆಗೆದುಕೊಳ್ಳಿ. ದಪ್ಪ ತಂತಿಯ ಐದನೇ ಫ್ರೆಟ್ಟಿನ ಸ್ವರಕ್ಕೆ ಅದರ ಕೆಳಗಿನ ತಂತಿಯನ್ನು ಕೂಡಿಸಬೇಕು, ಎಲ್ಲ ತಂತಿಗಳಿಗೂ ಹೀಗೇ, ಮೂರನೆಯದರಲ್ಲಿ ಮಾತ್ರ ನಾಲ್ಕನೇ ಫ್ರೆಟ್ ಎಂದು ಸರ್ ಕಷ್ಟಪಟ್ಟು ವಿವರಿಸಿದರು. ನನಗೆ ಕೇಳಿಸಿದ್ದು ಬೇರೆ: ಒಂದು ತಂತಿಯ ಶುದ್ಧ ಮಧ್ಯಮವೇ ಮುಂದಿನದರ ಷಡ್ಜ, ಒಂದು ಕಡೆ ಮಾತ್ರ ಮಧ್ಯಮದ ಬದಲು ಅಂತರ ಗಾಂಧಾರ.

ವೀಣೆಯಲ್ಲಿ ಮೇಣದ ಮೇಲೆ ಕೂರಿಸಿದ 24 ಮೆಟ್ಟಿಲು, ಸ್ಥಾಯಿಗೆ ಹನ್ನೆರಡು. ಗಿಟಾರಿನಲ್ಲೂ ಸ್ಥಾಯಿಗೆ ಹನ್ನೆರಡೇ. ಹನ್ನೆರಡನೇ ಫ್ರೆಟ್ ಸರಿಯಾಗಿ ತಂತಿಯ ಅರ್ಧಕ್ಕಿರುತ್ತದೆ, ತಾರ ಷಡ್ಜ ಅಲ್ಲೇ. ಹಾಗಾದರೆ ಸರಳೆ ಬರಲೇಬೇಕಲ್ಲ? ಸರ್ ಫೋನಿನಲ್ಲಿದ್ದಾಗ ದಪ್ಪ ತಂತಿಯೊಂದರ ಮೇಲೇ ಹುಡುಕಿದೆ. ಮಾಯಾಮಾಳವಗೌಳ: ಖಾಲಿ ತಂತಿ, ಒಂದು, ನಾಲ್ಕು, ಐದು; ಮತ್ತೆ ಏಳು, ಎಂಟು, ಹನ್ನೊಂದು, ಹನ್ನೆರಡು. ಕೈ ಎರಡು ಸಲ ಅದೇ ಹೆಜ್ಜೆ ಹಾಕಿತು. ಪೂರ್ವಾಂಗದ ಅಚ್ಚೇ ಉತ್ತರಾಂಗ ಎಂಬುದನ್ನು ಗಂಟಲು ಎಂದೂ ನನಗೆ ಹೇಳಿರಲಿಲ್ಲ. ಬೆರಳಿಗೆ ಅದು ಕಣ್ಣಿಗೆ ಕಂಡಷ್ಟು ಸ್ಪಷ್ಟ.

ಸರ್ ಫೋನ್ ಇಟ್ಟು ತಿರುಗಿದರು. “ಆಂಟಿ, ಇದು ಡಿಕ್ ಡೇಲ್!”

ನಾನು ಪುರಂದರದಾಸರು ಎಂದೆ.

ಗಿಟಾರ್ ಕಸಿದುಕೊಂಡು ಅದೇ ದಪ್ಪ ತಂತಿಯ ಮೇಲೆ ಮಿಂಚಿನಂತೆ ಒಂದು ತುಣುಕು ನುಡಿಸಿದರು. ‘ಮಿಸಿರ್ಲೂ’ ಅಂತೆ. ಗ್ರೀಸ್, ಟರ್ಕಿ, ಅರಬ್ ನಾಡುಗಳ ಕಡೆ ಹಾಡಿಕೊಂಡು ಬಂದಿದ್ದ ಹಳೆಯ ಧಾಟಿ. ತಂದೆಯ ಕಡೆಯಿಂದ ಲೆಬನಾನಿನ ನಂಟಿದ್ದ ಡಿಕ್ ಡೇಲ್ 1962ರಲ್ಲಿ ಅದನ್ನು ಅಮೆರಿಕದಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಹತ್ತಿಸಿದರು. ಕೇಳಿದರೆ, ಹೌದು, ನಮ್ಮದೇ ರಿ, ನಮ್ಮದೇ ಗ. ಗಮಕವೊಂದಿಲ್ಲ, ಓಟ ಮಾತ್ರ ಆರನೇ ಕಾಲವೋ ಏಳನೆಯದೋ!

ಸರ್ ಅದನ್ನು ನಿಧಾನಕ್ಕೆ ನುಡಿಸಿದರು, ನಾನು ತೊಡೆಯ ಮೇಲೆ ತಾಳ ಹಾಕುತ್ತಾ ಸರಳೆ ಹಾಡಿದೆ. ಅವರಿಗೆ ಎರಡನೇ ವರಸೆಯೂ ಬೇಕಾಯಿತು, ಮೂರನೆಯದೂ. ಈಗ ಕ್ಲಾಸಿನ ಕೊನೆಯ ಹತ್ತು ನಿಮಿಷ ಅವರು ಶಿಷ್ಯ, ನಾನು ಟೀಚರ್. ಜಂಟಿ ವರಸೆ ನಡೆಯುತ್ತಿದೆ. ಫೀಸು ಮಾತ್ರ ಈಗಲೂ ನಾನೇ ಕೊಡುತ್ತೇನೆ.