ಮೂರು ತುತ್ತು, ಮೂವತ್ತು ನಿಮಿಷ

ಒಂದು ಹೊತ್ತು ಉಂಡವನು ಯೋಗಿ, ಎರಡು ಹೊತ್ತು ಉಂಡವನು ಭೋಗಿ, ಮೂರು ಹೊತ್ತು ಉಂಡವನು ರೋಗಿ ಎಂದು ಹಿರಿಯರು ಊಟದ ಲೆಕ್ಕವನ್ನು ಎಂದೋ ಚುಕ್ತಾ ಮಾಡಿಬಿಟ್ಟಿದ್ದಾರೆ. ಆದರೆ ದಿನಕ್ಕೆ ಆರು ಹೊತ್ತು ಉಣ್ಣತಕ್ಕದ್ದೆಂದು ವೈದ್ಯರಿಂದಲೇ ಅಪ್ಪಣೆ ಪಡೆದು ಬಂದವನನ್ನು ಏನೆಂದು ಕರೆಯಬೇಕು? ಅವನು ಭೋಗಿಯಲ್ಲ, ಈಗ ಆರು ಹೊತ್ತೂ ಸೇರಿ ಅವನು ಉಣ್ಣುವುದು ಹಿಂದೆ ಒಂದೇ ಹೊತ್ತಿಗೆ ಉಣ್ಣುತ್ತಿದ್ದಷ್ಟೂ ಆಗದು. ಯೋಗಿಯಂತೂ ಅಲ್ಲ, ಯೋಗಿಗೆ ಊಟದ ಚಿಂತೆಯಿಲ್ಲ, ಇವನಿಗೆ ಬೆಳಗಿನಿಂದ ರಾತ್ರಿಯವರೆಗೆ ಅದೊಂದೇ ಚಿಂತೆ. ತೂಕ ಇಳಿಸಲೆಂದು ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಗಾಯ ಮಾಗಿದ ಮೇಲೆ ಎಂದಿನಂತೆ ಕೆಲಸಕ್ಕೆ ಹಾಜರಾಗುವ ಈ ಹೊಸ ಬಗೆಯ ಗೃಹಸ್ಥನು ನಮ್ಮ ನಗರಗಳಲ್ಲಿ ಈಗ ಅಪರೂಪದವನಲ್ಲ. ಆಸ್ಪತ್ರೆಯಲ್ಲಿ ಅವನು ಎದುರಿಸಿದ ಕಷ್ಟವನ್ನು ಎಲ್ಲರೂ ಬಲ್ಲರು. ಕಚೇರಿಯ ಊಟದ ವಿರಾಮದಲ್ಲಿ ಅವನು ಎದುರಿಸುವ ಕಷ್ಟವನ್ನು ಬಲ್ಲವರು ಕಡಮೆ.

ಈ ಚಿಕಿತ್ಸೆಯ ಮೂಲಪುರುಷರಲ್ಲಿ ಒಬ್ಬರು ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ವೈದ್ಯ ಎಡ್ವರ್ಡ್ ಮೇಸನ್. ಹುಣ್ಣಿನ ಕಾರಣದಿಂದ ಜಠರದ ಬಹುಭಾಗವನ್ನು ತೆಗೆಸಿಕೊಂಡವರು ಆ ಬಳಿಕ ಮೈ ತುಂಬಿಕೊಳ್ಳಲಾರದೆ ಹೋಗುತ್ತಿದ್ದುದನ್ನು ಕಂಡು, ಬೊಜ್ಜಿಗೂ ಇದೇ ಏಕೆ ಮದ್ದಾಗಬಾರದೆಂದು ಅವರು ಯೋಚಿಸಿದರು. ೧೯೬೬ರಲ್ಲಿ ಅಂಥ ಮೊದಲ ಶಸ್ತ್ರಚಿಕಿತ್ಸೆ ನಡೆಯಿತು. ಇಂದು ಅದು ಬಹಳ ಸುಧಾರಿಸಿದೆ. ಜಠರದ ಮೇಲ್ತುದಿಯಲ್ಲಿ ಪುಟ್ಟದೊಂದು ಚೀಲವನ್ನಷ್ಟೇ ಬೇರ್ಪಡಿಸಿ, ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ. ಆ ಚೀಲ ಹಿಡಿಯುವುದು ಮೊದಮೊದಲು ಸುಮಾರು ೩೦ ಮಿಲಿಲೀಟರು, ಎಂದರೆ ಎರಡು ದೊಡ್ಡ ಚಮಚದಷ್ಟು. ತೂಕ ಇಳಿಯುತ್ತದೆ, ಅನೇಕರಲ್ಲಿ ಸಕ್ಕರೆ ಕಾಯಿಲೆಯೂ ಹತೋಟಿಗೆ ಬರುತ್ತದೆ. ವೈದ್ಯಶಾಸ್ತ್ರದ ಉಪಕಾರ ಇಲ್ಲಿಗೆ ಮುಗಿಯಿತು. ಆ ಎರಡು ಚಮಚದ ಹೊಟ್ಟೆಯನ್ನು ಹೊತ್ತುಕೊಂಡು ಗಂಟೆಗೆ ಸರಿಯಾಗಿ ಬದುಕುವ ಭಾರ ರೋಗಿಯ ಪಾಲಿನದು.

ಬೆಂಗಳೂರಿನ ಪೀಣ್ಯದಲ್ಲಿರುವ ಒಂದು ಕಾರ್ಖಾನೆಯ ಲೆಕ್ಕಪತ್ರ ವಿಭಾಗದ ರಾಯರನ್ನೇ ನೋಡಬಹುದು. ಹೆಸರು ಬೇರೆ ಇದ್ದರೂ ಅಲ್ಲಿ ಎಲ್ಲರೂ ಅವರನ್ನು ಕರೆಯುವುದು ರಾಯರೆಂದೇ. ನಲವತ್ತಾರರ ವಯಸ್ಸು, ನೂರ ಇಪ್ಪತ್ತೆಂಟು ಕಿಲೋಗ್ರಾಂ ತೂಕ, ಹತ್ತು ವರ್ಷದ ಸಕ್ಕರೆ ಕಾಯಿಲೆ. ಅವರ ನಾಲ್ಕಂತಸ್ತಿನ ಊಟದ ಕ್ಯಾರಿಯರು ಆ ವಿಭಾಗದಲ್ಲಿ ಪ್ರಸಿದ್ಧವಾಗಿತ್ತು. ಕೆಳಗಿನ ಅಂತಸ್ತಿನ ಅನ್ನದಿಂದ ಮೇಲಿನ ಅಂತಸ್ತಿನ ಮೊಸರಿನವರೆಗೆ ಏಳೇ ನಿಮಿಷಗಳಲ್ಲಿ ಇಳಿದು ಬಂದು, ಉಳಿದ ಹೊತ್ತಿನಲ್ಲಿ ಮೇಜಿನ ಮೇಲೆ ತಲೆಯಿಟ್ಟು ಒಂದು ಸಣ್ಣ ನಿದ್ದೆಯನ್ನೂ ಅವರು ತೆಗೆಯುತ್ತಿದ್ದರು. ದೊಡ್ಡ ಹೊಟ್ಟೆಗೆ ಸಣ್ಣ ವಿರಾಮ ಧಾರಾಳವಾಗಿ ಸಾಲುತ್ತಿತ್ತು.

ಶಸ್ತ್ರಚಿಕಿತ್ಸೆಯಾಗಿ, ಕೆಲವು ದಿನ ತಿಳಿಗಂಜಿ, ಆಮೇಲೆ ನುಣ್ಣಗೆ ಅರೆದ ಬೇಳೆ, ಆಮೇಲೆ ಮೆತ್ತನೆಯ ಅನ್ನ, ಹೀಗೆ ಹಸುಳೆಯಂತೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಅವರು ಮತ್ತೆ ಕೆಲಸಕ್ಕೆ ಬಂದಾಗ ಜೇಬಿನಲ್ಲಿ ಆಹಾರತಜ್ಞೆ ಬರೆದುಕೊಟ್ಟ ಒಂದು ಚೀಟಿಯಿತ್ತು. ತುತ್ತು ಕಡಲೆಕಾಳಿನ ಗಾತ್ರದ್ದಾಗಿರಬೇಕು. ಬಾಯಲ್ಲಿ ನೀರಾಗುವವರೆಗೆ ಅಗಿಯಬೇಕು. ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಚಮಚವನ್ನು ಕೆಳಗಿಡಬೇಕು. ಒಂದು ಊಟಕ್ಕೆ ೨೦ರಿಂದ ೩೦ ನಿಮಿಷ ತೆಗೆದುಕೊಳ್ಳಬೇಕು. ಊಟದ ನಡುವೆ ನೀರು ಕೂಡದು. ಮುಗಿದ ಮೇಲೂ ಅರ್ಧ ಗಂಟೆ ತಡೆಯಬೇಕು. ಮೊದಲು ಪ್ರೋಟೀನು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಹೊಟ್ಟೆ ತುಂಬಿತೆಂಬ ಮೊದಲ ಸೂಚನೆಗೇ ನಿಲ್ಲಿಸಬೇಕು. ಇನ್ನೊಂದು ತುತ್ತು ಎಂದರೆ ಅನರ್ಥ. ಜಠರ ಚಿಕ್ಕದಾದರೆ ಊಟವೂ ಚಿಕ್ಕದಾಗುವುದು ಸಹಜವೆಂದು ಯಾರಾದರೂ ಎಣಿಸುವರು. ನಿಜವಾಗಿ ಆಗುವುದು ತದ್ವಿರುದ್ಧ: ಹೊಟ್ಟೆ ಕುಗ್ಗಿದಷ್ಟೂ ಊಟದ ಹೊತ್ತು ಹಿಗ್ಗುತ್ತದೆ.

ಹಿಗ್ಗಿದ ಈ ಹೊತ್ತನ್ನು ತರುವುದೆಲ್ಲಿಂದ? ಕಾರ್ಮಿಕನನ್ನು ಐದು ಗಂಟೆಗಿಂತ ಹೆಚ್ಚು ಕಾಲ ಒಂದೇ ಸಮನೆ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆಯ ವಿರಾಮವಿರಬೇಕು ಎಂದು ೧೯೪೮ರ ಕಾರ್ಖಾನೆಗಳ ಕಾಯಿದೆ ವಿಧಿಸಿತ್ತು. ಕಾಯಿದೆ ಹೇಳಿದ್ದು ಕನಿಷ್ಠವೆಂದು. ರಾಯರ ಕಾರ್ಖಾನೆಯಲ್ಲಿ ಅದೇ ಗರಿಷ್ಠವೂ ಆಗಿತ್ತು. ಹನ್ನೆರಡೂವರೆಗೆ ಸೈರನ್ನು, ಒಂದು ಗಂಟೆಗೆ ಮತ್ತೆ ಸೈರನ್ನು. ರಾಯರು ಲೆಕ್ಕದವರಾದ್ದರಿಂದ ಈ ಅರ್ಧ ಗಂಟೆಯ ಜಮಾ-ಖರ್ಚನ್ನೂ ಬರೆದು ನೋಡಿದರು. ಮೆಟ್ಟಿಲಿಳಿದು ಅಂಗಳ ದಾಟಿ ಊಟದ ಮನೆಗೆ ಹೋಗಲು ನಾಲ್ಕು ನಿಮಿಷ; ಕೈ ತೊಳೆಯಲು ಎರಡು; ಬುತ್ತಿ ಬಿಸಿಮಾಡುವ ಒಲೆಯ ಮುಂದಿನ ಸಾಲಿನಲ್ಲಿ ಐದು; ಹಿಂದಿರುಗಲು ನಾಲ್ಕು. ಉಳಿದದ್ದು ಹದಿನೈದು. ಚೀಟಿಯಲ್ಲಿದ್ದ ಅತಿ ಕಡಮೆಯ ಅಂಕಿಗೂ ಐದು ನಿಮಿಷ ಕೊರತೆ.

ಆ ಕೊರತೆಯನ್ನು ಅವರು ಮೊದಲು ವೇಗದಿಂದ ತುಂಬಿಸಲು ನೋಡಿದರು. ನಾಲ್ಕನೆಯ ದಿನವೇ ತಣ್ಣಗಾದ ಚಪಾತಿಯ ಚೂರೊಂದು ಎದೆಯ ನಡುವೆ ಕಲ್ಲಿನಂತೆ ಕುಳಿತಿತು. ನುಂಗುವಂತಿಲ್ಲ, ನೀರು ಕುಡಿದು ಇಳಿಸುವಂತಿಲ್ಲ. ಬಾಯ ತುಂಬ ನೊರೆಜೊಲ್ಲು. ಕೈ ತೊಳೆಯುವ ಕಟ್ಟೆಯ ಬಳಿ ಬಗ್ಗಿ ನಿಂತು ಅದನ್ನೆಲ್ಲ ಹೊರಹಾಕುವಷ್ಟರಲ್ಲಿ ಸೈರನ್ನು ಕೂಗಿತು. ಕಂಡವರು ಇಬ್ಬರು, ಸಂಜೆಯೊಳಗೆ ಬಲ್ಲವರು ಇಪ್ಪತ್ತು ಮಂದಿ. ಮೂರು ತಿಂಗಳಲ್ಲಿ ಕಾಲು ಭಾಗ ಇಳಿದುಹೋದ ಮನುಷ್ಯ ಉಂಡದ್ದನ್ನು ಕಾರಿಕೊಂಡನೆಂದರೆ ಜನ ಏನು ತಿಳಿಯಬೇಕು? ಯಾವ ರೋಗದ ಹೆಸರನ್ನು ಗಟ್ಟಿಯಾಗಿ ಆಡಲು ಅಂಜುತ್ತಾರೋ ಆ ಹೆಸರೇ ಮೇಜಿನಿಂದ ಮೇಜಿಗೆ ಪಿಸುಮಾತಾಗಿ ಹರಿಯಿತು.

ಒಂದು ಮಾತು ಹೇಳಿದ್ದರೆ ಈ ಪಿಸುಮಾತು ನಿಲ್ಲುತ್ತಿತ್ತು. ರಾಯರು ಹೇಳಲಿಲ್ಲ. ರೋಗವೆಂದರೆ ಕನಿಕರಪಡುವ ಲೋಕ ಬೊಜ್ಜೆಂದರೆ ನಗುತ್ತದೆ. ಬೊಜ್ಜಿಗೆ ಚಿಕಿತ್ಸೆಯೆಂದರೆ ಇನ್ನಷ್ಟು ನಗುತ್ತದೆ. ಬಾಯಿ ಕಟ್ಟಲಾರದವನು ಹೊಟ್ಟೆ ಕೊಯ್ಸಿಕೊಂಡ ಎಂಬ ಒಂದು ಮಾತು ಬಂಧುಗಳ ಮನೆಯಲ್ಲಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ಬಾಯಿ ಕಟ್ಟುವುದು ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಮುಗಿಯುವ ವ್ರತವಲ್ಲ, ಅದರ ಮರುದಿನ ಆರಂಭವಾಗುವ ವ್ರತವೆಂಬುದನ್ನು ಹೇಳಿಕೊಟ್ಟವರಿಗೆ ತಾನೆ ಗೊತ್ತಾಗುವುದು?

ಬೇಗ ಉಂಡರೆ ಅವಮಾನ, ನಿಧಾನವಾಗಿ ಉಂಡರೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ. ರಾಯರು ಮೂರನೆಯ ದಾರಿ ಹಿಡಿದರು: ಮಧ್ಯಾಹ್ನದ ಊಟವನ್ನೇ ಬಿಟ್ಟರು. ಡಬ್ಬಿಯನ್ನು ಬಸ್ ನಿಲ್ದಾಣದ ಬಳಿ ಯಾರಿಗೋ ಕೊಟ್ಟು, ಬರಿದು ಮಾಡಿ ಮನೆಗೆ ಒಯ್ದರು. ಇಂಥ ಹೊಟ್ಟೆಯಲ್ಲಿ ಹಸಿವು ಬಹುಕಾಲ ಮಂಕಾಗಿರುವುದರಿಂದ ಉಪವಾಸ ಮಾಡುವುದೇನೂ ಕಷ್ಟವಲ್ಲ, ಅಪಾಯವಿರುವುದೂ ಅಲ್ಲಿಯೇ. ಹಸಿವು ಕೇಳದಿದ್ದರೂ ಮೈ ಕೇಳುತ್ತದೆ. ಎರಡು ವಾರ ಕಳೆಯುವುದರೊಳಗೆ ಮೂರು ಗಂಟೆಯ ಹೊತ್ತಿಗೆ ಕಣ್ಣು ಕತ್ತಲೆಗಟ್ಟತೊಡಗಿತು. ಬಾಚಣಿಗೆಯಲ್ಲಿ ಕೂದಲು ಮುದ್ದೆ ಮುದ್ದೆಯಾಗಿ ಬಂದಿತು. ಒಂದು ಮಧ್ಯಾಹ್ನ ಕಡತ ಹಿಡಿದು ಮೆಟ್ಟಿಲೇರುತ್ತಿದ್ದವರು ಕಟಕಟೆ ಹಿಡಿದು ಕುಳಿತುಬಿಟ್ಟರು.

ಆಹಾರತಜ್ಞೆಯ ಮುಂದೆ ಲೆಕ್ಕ ಮತ್ತೊಮ್ಮೆ ತೆರೆಯಿತು. ಇಂಥವರಿಗೆ ದಿನಕ್ಕೆ ಕನಿಷ್ಠ ೬೦ ಗ್ರಾಂ ಪ್ರೋಟೀನು ಸೇರಬೇಕು. ರಾಯರಿಗೆ ಸೇರುತ್ತಿದ್ದುದು ಅದರ ಅರ್ಧ. ಒಂದು ಮೊಟ್ಟೆಯಲ್ಲಿರುವುದು ಸುಮಾರು ೬ ಗ್ರಾಂ. ಐವತ್ತು ಗ್ರಾಂ ಪನೀರಿನಲ್ಲಿ ಸುಮಾರು ೯. ಒಂದು ಲೋಟ ಹಾಲಿನಲ್ಲಿ ೬-೭. ಮೊಟ್ಟೆ ಮುಟ್ಟದ ಮನೆಯಲ್ಲಿ ಅರವತ್ತನ್ನು ಕೂಡಿಸುವುದೆಂದರೆ ಸಂಬಳದ ಕೊನೆಯ ವಾರವನ್ನು ದೂಡಿದಂತೆಯೇ. ಒಂದು ಹೊತ್ತನ್ನು ಕೈಬಿಟ್ಟವನಿಗೆ ಅದು ಎಂದಿಗೂ ಕೂಡುವುದಿಲ್ಲ.

ಈ ಮಾತನ್ನು ಪಕ್ಕದಲ್ಲಿ ಕುಳಿತು ಕೇಳಿದವರು ರಾಯರ ಪತ್ನಿ. ಬರಿದಾಗಿ ಬರುತ್ತಿದ್ದ ಡಬ್ಬಿಯನ್ನು ಕಂಡು ಸಂತೋಷಪಟ್ಟಿದ್ದವರು ಅವರು. ಆಕೆ ಗದರಲಿಲ್ಲ, ಅಳಲಿಲ್ಲ. ಮನೆಗೆ ಬಂದವರೇ ನಾಲ್ಕಂತಸ್ತಿನ ಕ್ಯಾರಿಯರನ್ನು ತೊಳೆದು ಒರೆಸಿ ಅಟ್ಟಕ್ಕೆ ಹಾಕಿದರು. ಮಗಳು ಶಿಶುವಿಹಾರಕ್ಕೆ ಒಯ್ಯುತ್ತಿದ್ದ ಅಂಗೈಯಗಲದ ಎರಡು ಡಬ್ಬಿಗಳನ್ನು ಹುಡುಕಿ ತೆಗೆದರು. ಇಪ್ಪತ್ತು ವರ್ಷ ತುಂಬಿ ತುಳುಕುವಂತೆ ಬಡಿಸಿ ಪ್ರೀತಿಯನ್ನು ತೋರಿಸಿದ್ದ ಕೈ, ಬೇಯಿಸಿ ಹಿಸುಕಿದ ಹೆಸರುಬೇಳೆಯನ್ನು ಚಮಚದಲ್ಲಿ ಅಳೆದು ಹಾಕುವುದನ್ನು ಕಲಿಯಿತು. ಅಳೆದು ಬಡಿಸುವುದು ಜಿಪುಣತನವೆಂದು ತಿಳಿದು ಬೆಳೆದ ಹೆಣ್ಣುಮಗಳಿಗೆ ಅದು ಸಣ್ಣ ವಿದ್ಯೆಯಲ್ಲ.

ಡಬ್ಬಿ ಬದಲಾಯಿತು; ಗಡಿಯಾರ ಬದಲಾಗಬೇಕಾಗಿತ್ತು. ರಾಯರು ವೈದ್ಯರ ಪತ್ರವನ್ನೂ ತಮ್ಮ ನಿಮಿಷಗಳ ಪಟ್ಟಿಯನ್ನೂ ಹಿಡಿದು ಮೇಲಧಿಕಾರಿಯ ಮುಂದೆ ನಿಂತರು. ಕೇಳಿದ್ದು ಇಷ್ಟೇ: ಊಟಕ್ಕೆ ಸೈರನ್ನಿಗಿಂತ ಐದು ನಿಮಿಷ ಮೊದಲೇ ಹೊರಡಲು, ಐದು ನಿಮಿಷ ತಡವಾಗಿ ಹಿಂದಿರುಗಲು ಅನುಮತಿ, ಆ ಹತ್ತು ನಿಮಿಷವನ್ನು ಸಂಜೆ ತೀರಿಸುವುದು. ಎರಡು ಚಹಾದ ವಿರಾಮಗಳಲ್ಲಿ ತಮ್ಮ ಮೇಜಿನಲ್ಲಿಯೇ ಪುಟ್ಟ ಡಬ್ಬಿಯನ್ನು ತೆರೆಯಲು ಅನುಮತಿ. ಅಧಿಕಾರಿ ಪತ್ರವನ್ನು ಎರಡು ಸಲ ಓದಿದರು. ನಿಯಮ ಎಲ್ಲರಿಗೂ ಒಂದೇ ಎಂದು ಆರಂಭಿಸಿದವರು ನಡುವೆಯೇ ನಿಲ್ಲಿಸಿ, “ಇದನ್ನು ಇಷ್ಟು ದಿನ ಏಕೆ ಹೇಳಲಿಲ್ಲ?” ಎಂದು ಕೇಳಿದರು. ರಾಯರ ಬಳಿ ಉತ್ತರವಿರಲಿಲ್ಲ. ಅನುಮತಿ ದೊರೆಯಿತು.

ಅಂದಿನಿಂದ ಅವರ ದಿನಚರಿ ರೈಲಿನ ವೇಳಾಪಟ್ಟಿಯಂತಾಯಿತು. ಹತ್ತೂಕಾಲಕ್ಕೆ ಎರಡು ಮೂರು ಚೂರು ಮೆತ್ತನೆಯ ಪನೀರು. ಹನ್ನೊಂದರಿಂದ ಹನ್ನೆರಡರವರೆಗೆ ಗುಟುಕು ಗುಟುಕಾಗಿ ನೀರು, ಆಮೇಲೆ ಸೀಸೆಗೆ ಬಿರಡೆ. ಮಧ್ಯಾಹ್ನ ಬೇಳೆ, ಬೆಂದ ತರಕಾರಿ, ಸ್ವಲ್ಪ ಮೊಸರು. ಒಂದೂವರೆಯ ಬಳಿಕ ಮತ್ತೆ ಸೀಸೆ. ಮೂರೂವರೆಗೆ ಇನ್ನೊಂದು ಡಬ್ಬಿ. ಬಿಸಿ ಮಾಡುವ ಸಾಲಿನಲ್ಲಿ ನಿಲ್ಲುವ ಐದು ನಿಮಿಷವನ್ನು ಪತ್ನಿ ಕೊಟ್ಟ ಬಾಯಗಲದ ಬಿಸಿಕಾಪು ಡಬ್ಬಿ ಉಳಿಸಿತು. ಜೀವಮಾನವಿಡೀ ನುಂಗಬೇಕಾದ ಗುಳಿಗೆಗಳಿಗೂ ಹೊತ್ತುಂಟು: ಕಬ್ಬಿಣಾಂಶದ್ದಕ್ಕೂ ಕ್ಯಾಲ್ಸಿಯಮ್ಮಿನದಕ್ಕೂ ಹೊಂದಿಕೆಯಿಲ್ಲ, ನಡುವೆ ಎರಡು ಗಂಟೆಯ ಅಂತರ ಬೇಕು; ಕಬ್ಬಿಣಕ್ಕೂ ಚಹಾಕ್ಕೂ ಹಗೆತನ.

ಕಷ್ಟವೆಲ್ಲ ಇಲ್ಲಿಗೆ ಮುಗಿಯಿತೆಂದಲ್ಲ. ಆಯುಧಪೂಜೆಯ ದಿನ ಯಂತ್ರಗಳಿಗೆ ಕುಂಕುಮವಿಟ್ಟು ಮೈಸೂರುಪಾಕು ಹಂಚುವಾಗ ಒಬ್ಬ ಹಿತೈಷಿ ಒಂದು ತುಂಡನ್ನು ಅವರ ಬಾಯಿಗೇ ಹಾಕಿದ. ಸಕ್ಕರೆ ಆ ಪುಟ್ಟ ಚೀಲದಲ್ಲಿ ತಂಗದೆ ನೇರವಾಗಿ ಕರುಳಿಗೆ ಧುಮುಕುತ್ತದೆ. ಕಾಲು ಗಂಟೆಯಲ್ಲಿ ಎದೆ ಡವಗುಟ್ಟಿ, ಮೈ ಬೆವರಿ, ಹೊಟ್ಟೆ ನುಲಿದು ರಾಯರು ಗೋಡೆಗೊರಗಿ ಕುಳಿತರು. ಆ ದಿನ ಅವರು ಎಲ್ಲರ ಮುಂದೆ ನಡೆದದ್ದನ್ನು ನಡೆದಂತೆ ಹೇಳಿದರು. ಯಾರೂ ನಗಲಿಲ್ಲ. ಪಿಸುಮಾತೂ ಅಂದೇ ಸತ್ತುಹೋಯಿತು.

ನಮ್ಮ ಪಂಕ್ತಿಭೋಜನದಲ್ಲಿ ಎರಡು ಕಟ್ಟಳೆಗಳುಂಟು. ಒಂದು, ಸಾಕೆಂದವರಿಗೂ ಬಲವಂತ ಮಾಡಿ ಬಡಿಸುವುದು. ಇನ್ನೊಂದು, ಸಾಲಿನಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರೂ ಎಲೆಯ ಮುಂದಿನಿಂದ ಏಳದಿರುವುದು. ಕಾರ್ಖಾನೆಯ ಊಟದ ಮನೆಯಲ್ಲಿ ಮೊದಲನೆಯದು ಹೇಗೋ ಉಳಿದುಕೊಂಡು ಎರಡನೆಯದು ಅಳಿದುಹೋಗಿದೆ. ತನ್ನ ಡಬ್ಬಿ ಮುಗಿದೊಡನೆ ಪ್ರತಿಯೊಬ್ಬನೂ ಎದ್ದು ನಲ್ಲಿಯ ಕಡೆ ಓಡುತ್ತಾನೆ. ರಾಯರಂಥವರಿಗೆ ಬೇಕಾಗಿರುವುದು ಇದಕ್ಕೆ ಸರಿಯಾಗಿ ವಿರುದ್ಧವಾದುದು: ಬಲವಂತ ಹೋಗಬೇಕು, ಕಾಯುವಿಕೆ ಬರಬೇಕು. ಆಯುಧಪೂಜೆಯ ಮರುವಾರದಿಂದ ಉಗ್ರಾಣದ ಹಿರಿಯ ಗುಮಾಸ್ತೆಯೊಬ್ಬರು ತಮ್ಮ ಊಟ ಮುಗಿದ ಮೇಲೂ ಬರಿಯ ತಟ್ಟೆಯ ಮುಂದೆ ಕುಳಿತಿರತೊಡಗಿದರು. ಮಾತೇನೂ ಹೆಚ್ಚಿಲ್ಲ, ಮಳೆ, ಬಸ್ಸು, ಮಕ್ಕಳ ಪರೀಕ್ಷೆ. ಎದುರಿಗೆ ಒಬ್ಬರು ಇದ್ದಾರೆಂಬಷ್ಟರಿಂದಲೇ ರಾಯರ ಚಮಚ ತುತ್ತು ತುತ್ತಿಗೂ ತಾನಾಗಿ ಕೆಳಗಿಳಿಯುತ್ತದೆ; ಅಗಿಯುವುದನ್ನು ಎಣಿಸಬೇಕಾಗಿಲ್ಲ. ಹೊಟ್ಟೆಯನ್ನು ಕಿರಿದು ಮಾಡಲು ಶಸ್ತ್ರವೈದ್ಯರಿಗೆ ಒಂದೆರಡು ಗಂಟೆ ಸಾಕು. ಆ ಕಿರಿದಾದ ಹೊಟ್ಟೆ ಬದುಕಲು ಬೇಕಾದ ಹೊತ್ತನ್ನು ಯಾವ ವೈದ್ಯನೂ ಬರೆದುಕೊಡಲಾರ. ಅದನ್ನು ಕೊಡಬೇಕಾದವರು ಪಕ್ಕದಲ್ಲಿ ಕುಳಿತು ಉಣ್ಣುವವರು.