ಹಳೇ ಥರದ್ದೇ ಕೊಡಿ

ಫಾರಂ ಕೋಳಿ ಬರುವ ತನಕ ನಾಟಿ ಕೋಳಿಗೆ ಬರೀ ಕೋಳಿ ಎಂದೇ ಹೆಸರಿತ್ತು. ಪಂಪ ಬರೆದದ್ದನ್ನು ಹಳಗನ್ನಡ ಎಂದವರೂ ಆಮೇಲಿನವರೇ. ಓಲ್ಡ್ ಫ್ಯಾಶನ್ಡ್ ಎಂಬ ವಿಸ್ಕಿ ಕಾಕ್‌ಟೇಲ್‌ಗೂ ಹೆಸರು ಬಂದದ್ದು ಹೀಗೆ. 1806ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಎಂದರೇನೆಂದು ಬಿಡಿಸಿ ಹೇಳಿತ್ತು: ಮದ್ಯ, ಸಕ್ಕರೆ, ನೀರು, ಬಿಟರ್ಸ್. ಮುಂದೆ ಬಾರಿನವರು ಏನೇನೋ ಬೆರೆಸತೊಡಗಿದಾಗ ಬೇಸತ್ತ ಗಿರಾಕಿಗಳು ಹಳೇ ಥರದ್ದೇ ಕೊಡಿ ಎಂದರು. ಕೇಳಿದ್ದೇ ಹೆಸರಾಯಿತು.

ಮನೆಯಲ್ಲಿ ಮಾಡುವವರು ಆ ಪಟ್ಟಿಯಲ್ಲಿ ಕೈಬಿಡುವುದು ನೀರನ್ನು. ವಿಸ್ಕಿಯಲ್ಲಿ ಸಕ್ಕರೆ ಸುಲಭಕ್ಕೆ ಕರಗುವುದಿಲ್ಲ. ತಳದಲ್ಲಿ ಮರಳಿನಂತೆ ಕೂರುತ್ತದೆ. ಹಾಗಾಗಿ ಒಂದು ಸಕ್ಕರೆ ಅಚ್ಚಿಗೆ ಎರಡು ಚಿಮುಕು ಅಂಗೊಸ್ಟುರಾ ಬಿಟರ್ಸ್, ಒಂದು ಚಮಚ ನೀರು ಹಾಕಿ ಮೊದಲು ಪೂರ್ತಿ ಕರಗಿಸಬೇಕು. ಆಮೇಲೆ 60 ಮಿ.ಲೀ. ಬೋರ್ಬನ್ ಅಥವಾ ರೈ, ದೊಡ್ಡ ಐಸ್ ಗಡ್ಡೆ. ಚೂರು ಐಸ್ ಬೇಗ ಕರಗಿ ನೀರುನೀರಾಗುತ್ತದೆ. ಅರ್ಧ ನಿಮಿಷ ಕಲಕಿದರೆ ಸಾಕು. ಕಿತ್ತಳೆ ಸಿಪ್ಪೆಯ ಒಂದು ಪಟ್ಟಿಯನ್ನು ಲೋಟದ ಮೇಲೆ ಹಿಂಡಿದರೆ ಅದರ ಎಣ್ಣೆ ಸಿಡಿಯುತ್ತದೆ. ಘಮ ಇರುವುದೇ ಅದರಲ್ಲಿ, ರಸದಲ್ಲಲ್ಲ.

ವಿಸ್ಕಾನ್ಸಿನ್ನಿನವರು ಮಾತ್ರ ವಿಸ್ಕಿಯನ್ನೇ ಬಿಟ್ಟು ಬ್ರಾಂದಿ ಹಾಕುತ್ತಾರೆ, ಚೆರ್ರಿ ಅರೆಯುತ್ತಾರೆ, ಮೇಲೆ ಸೋಡಾ ಸುರಿಯುತ್ತಾರೆ. ಅದಕ್ಕೂ ಹೆಸರು ಓಲ್ಡ್ ಫ್ಯಾಶನ್ಡೇ.