ಹಿಂದಿನ ಸೀಟಿನ ಸೊಂಟ
ನನ್ನ ಯೆಜ್ಡಿ ರೋಡ್‌ಕಿಂಗ್ ಮೈಸೂರಿನ ಕೂಸು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿ, ಈಗ ನನ್ನ ಹಾಗೇ ಪುಣೆ ಸೇರಿದೆ. ವರ್ಷಕ್ಕೊಮ್ಮೆ ಸತಾರಾ, ಕೊಲ್ಹಾಪುರ, ಬೆಳಗಾವಿ ಹಾದು ಊರಿಗೆ ಹೋಗುವುದು ಇದರಲ್ಲೇ. ಹೋದ ಸಲ ಹೆಂಡತಿ ಹುಬ್ಬಳ್ಳಿಯಲ್ಲಿ ಸೊಂಟ ಹಿಡಿದುಕೊಂಡು ಇಳಿದವಳು, "ಇನ್ಮೇಲೆ ನಾನು ಬಸ್ಸಲ್ಲೇ ಬರ್ತೀನಿ, ನೀವು ಬೇಕಾದ್ರೆ ಇದನ್ನ ಕಟ್ಕೊಂಡು ಬನ್ನಿ" ಅಂದುಬಿಟ್ಟಳು.

ನೋಡಿದರೆ ಹಿಂದಿನ ಎರಡೂ ಶಾಕ್ ಅಬ್ಸಾರ್ಬರುಗಳಿಂದ ಎಣ್ಣೆ ಒಸರಿತ್ತು. ಎಣ್ಣೆ ಹೋದಮೇಲೆ ಉಳಿಯುವುದು ಬರೀ ಸ್ಪ್ರಿಂಗು. ಗುಂಡಿ ದಾಟಿದರೂ ಗಾಡಿ ಕುಣಿಯುತ್ತಲೇ ಇರುತ್ತದೆ.

ನಾನಾ ಪೇಠೆಯ ಅಂಗಡಿಯವನು ಪಕ್ಕಕ್ಕೆ ಡಬ್ಬಿ ಅಂಟಿಸಿಕೊಂಡ ಗ್ಯಾಸ್ ಶಾಕ್ ತೋರಿಸಿ "ಏಕದಮ್ ಭಾರೀ" ಅಂದ. (ಮರಾಠಿಯಲ್ಲಿ ಭಾರೀ ಅಂದರೆ ಸೊಗಸು.) ನಾನು ಟೇಪು ಹಿಡಿದೆ. ಮೇಲಿನ ತೂತಿನ ನಡುವಿನಿಂದ ಕೆಳಗಿನದರ ನಡುವಿಗೆ ಹಳೆಯದರಷ್ಟೇ ಉದ್ದ ಇರಬೇಕು. ಇದು ಒಂದಿಂಚು ಜಾಸ್ತಿ. ಹಾಕಿದರೆ ಹಿಂಭಾಗ ಎದ್ದು ನಿಲ್ಲುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿದರೂ ಚಕ್ರ ನೆಲ ಬಿಡುವುದಿಲ್ಲ.

ಸ್ಪ್ರಿಂಗಿನದ್ದೇ ದೊಡ್ಡ ಯೋಚನೆ. ಇಬ್ಬರು, ಎರಡು ಬ್ಯಾಗು, ಅಮ್ಮನಿಗೆ ಬಾಕರವಡಿ, ಇಷ್ಟಕ್ಕೆ ಹೊಂದುವ ಬಿಗಿ ನಾನೊಬ್ಬನೇ ಆಫೀಸಿಗೆ ಹೋಗುವಾಗ ಕಲ್ಲು. ಪ್ರೀಲೋಡ್ ತಿರುಗಿಸಿದರೆ ಸ್ಪ್ರಿಂಗೇನೂ ಗಟ್ಟಿಯಾಗುವುದಿಲ್ಲ, ಭಾರಕ್ಕೆ ಗಾಡಿ ಕುಸಿಯುವುದು ಕಡಿಮೆಯಾಗುತ್ತದೆ ಅಷ್ಟೆ. ಕೊನೆಗೆ ಮಧ್ಯಮ ಬಿಗಿಯ, ಪ್ರೀಲೋಡ್ ಹಂತಗಳಿರುವ, ಸಾದಾ ಎಣ್ಣೆಯ ಜೋಡಿಯನ್ನೇ ತಂದೆ.

ಇವಳು ಇನ್ನೂ ಮಾತು ಕೊಟ್ಟಿಲ್ಲ. ದಸರಾಕ್ಕೆ ಬಸ್ ಟಿಕೆಟ್ಟನ್ನೂ ಮಾಡಿಸಿಲ್ಲ. ಹಳೆಯ ಜೋಡಿಯನ್ನು ಅಂಗಡಿಯವನು ಗುಜರಿಗೆ ಕೇಳಿದ. ಕೊಡಲಿಲ್ಲ. ಮೈಸೂರಿನಲ್ಲಿ ಯಾರಾದರೂ ಹಳೇ ಮೆಕ್ಯಾನಿಕ್ ಕೈಲಿ ಹೊಸ ಆಯಿಲ್ ಸೀಲ್ ಹಾಕಿಸಿ ನೋಡಬೇಕು.